ಗೋಲು ಹೊಡೆಯುವುದೂ ಒಂದು ವಿದ್ಯೆ

ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಗೋಲು ಹೊಡೆದವನ ಬಗ್ಗೆ ಜನ ಆಡುವ ಒಂದು ಮಾತಿದೆ: ‘ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿದ್ದ, ಹೊಡೆದ.’ ಕೇಳಲು ಇದು ಹೊಗಳಿಕೆ, ಒಳಗಿರುವುದು ತೆಗಳಿಕೆ. ಚೆಂಡನ್ನು ಹಿಂದಿನಿಂದ ಕಟ್ಟಿಕೊಂಡು ಬಂದವರು ಬೇರೆಯವರು, ಎದುರಾಳಿಗಳನ್ನು ದಾಟಿಸಿ ತಂದವರು ಬೇರೆಯವರು, ಇವನು ಕೊನೆಗೆ ಕಾಲು ಚಾಚಿದ ಅಷ್ಟೇ ಎಂಬ ಧ್ವನಿ ಅದರಲ್ಲಿದೆ. ಪಶ್ಚಿಮ ಜರ್ಮನಿಯ ಗೆರ್ಡ್ ಮುಲ್ಲರ್ ಈ ಮಾತನ್ನು ಬಾಳಿನುದ್ದಕ್ಕೂ ಕೇಳಿಸಿಕೊಂಡರು. ದೇಶದ ತಂಡಕ್ಕೆ ಅವರು ಆಡಿದ್ದು 62 ಪಂದ್ಯ, ಹೊಡೆದದ್ದು 68 ಗೋಲು. ಜರ್ಮನಿಯ ಮೊದಲ ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ 427 ಪಂದ್ಯ, 365 ಗೋಲು. ಎರಡು ವಿಶ್ವಕಪ್‌ಗಳಲ್ಲಿ ಸೇರಿ 14 ಗೋಲು. ಒಂದು ಭಾನುವಾರ ಯಾರು ಬೇಕಾದರೂ ಸರಿಯಾದ ಜಾಗದಲ್ಲಿ ಇರಬಹುದು. ಹದಿನಾಲ್ಕು ಋತುಗಳ ಕಾಲ, ಬೇರೆ ಬೇರೆ ತಂಡಗಳ ಎದುರು, ಮಳೆಯಲ್ಲೂ ಹಿಮದಲ್ಲೂ ಒಬ್ಬ ಮನುಷ್ಯ ಮತ್ತೆ ಮತ್ತೆ ಅದೇ ಸರಿಯಾದ ಜಾಗದಲ್ಲಿ ಕಾಣಿಸಿಕೊಂಡರೆ ಅದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಗೋಲು ಹೊಡೆಯುವುದು ಆಟದ ಉಳಿದ ಕೌಶಲಗಳ ಬಾಲಂಗೋಚಿಯಲ್ಲ; ಅದೇ ಒಂದು ಸ್ವತಂತ್ರ ವಿದ್ಯೆ, ಅದಕ್ಕೆ ತನ್ನದೇ ಆದ ಬುದ್ಧಿ ಬೇಕು, ತನ್ನದೇ ಆದ ಶ್ರಮ ಬೇಕು ಎಂಬುದು ನನ್ನ ವಾದ. ಮುಲ್ಲರ್ ಅವರ ಬದುಕು ಈ ವಾದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಸಾಕ್ಷಿ.

ಅವರು ಹುಟ್ಟಿದ್ದು 1945ರ ನವೆಂಬರ್ 3ರಂದು, ಬವೇರಿಯಾದ ನ್ಯೋರ್ಡ್‌ಲಿಂಗನ್ ಎಂಬ ಸಣ್ಣ ಪಟ್ಟಣದಲ್ಲಿ. ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಆಕಾಶಕಾಯವೊಂದು ಅಪ್ಪಳಿಸಿ ಉಂಟಾದ ದೊಡ್ಡ ಕುಳಿಯೊಳಗೆ ಈ ಊರಿದೆ. ಮಧ್ಯಯುಗದ ದುಂಡನೆಯ ಕೋಟೆಗೋಡೆ ಇವತ್ತಿಗೂ ಅದನ್ನು ಸುತ್ತುವರಿದು ನಿಂತಿದೆ. ಯುದ್ಧ ಮುಗಿದು ಆರು ತಿಂಗಳಾಗಿದ್ದ ಬಡತನದ ಕಾಲ. ಹುಡುಗ ಶಾಲೆ ಮುಗಿಸಿ ನೇಯ್ಗೆ ಕೆಲಸ ಕಲಿಯಲು ಸೇರಿದ, ಊರಿನ ಕ್ಲಬ್ಬಿಗೆ ಆಡಿದ. 1964ರಲ್ಲಿ ಬಯರ್ನ್ ಮ್ಯೂನಿಕ್ ಅವರನ್ನು ಕರೆಸಿಕೊಂಡಾಗ ಆ ಕ್ಲಬ್ಬು ಇಂದಿನ ಬಯರ್ನ್ ಆಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ಹಿಂದಿನ ವರ್ಷವಷ್ಟೇ ಬುಂಡೆಸ್‌ಲೀಗಾ ಶುರುವಾದಾಗ ಮ್ಯೂನಿಕ್ ನಗರದಿಂದ ಆಯ್ಕೆಯಾದದ್ದು 1860 ಮ್ಯೂನಿಕ್ ಎಂಬ ಪ್ರತಿಸ್ಪರ್ಧಿ ಕ್ಲಬ್ಬು. ಬಯರ್ನ್ ಎರಡನೇ ದರ್ಜೆಯಲ್ಲಿ ಉಳಿದಿತ್ತು. ಹೊಸಬ ಮುಲ್ಲರ್ ಅವರ ಗಿಡ್ಡ ಕಾಲು, ದಪ್ಪ ತೊಡೆ, ಅಗಲ ಮೈಕಟ್ಟು ನೋಡಿ ಕೋಚ್ ಝ್ಲಾಟ್ಕೊ ಚೈಕೋವ್‌ಸ್ಕಿ ಇವನೇನು ಭಾರ ಎತ್ತುವವನೇ ಎಂಬಂತೆ ಹಂಗಿಸಿದರೆಂದು ಹೇಳುತ್ತಾರೆ. ಮೊದಮೊದಲು ಅವರನ್ನು ಆಡಿಸಲೂ ಇಲ್ಲ. ಆಡಿಸಿದ ಮೇಲೆ 26 ಲೀಗ್ ಪಂದ್ಯಗಳಲ್ಲಿ 33 ಗೋಲು ಬಂದವು, ಬಯರ್ನ್ ಮೇಲಿನ ದರ್ಜೆಗೆ ಏರಿತು. ಅದೇ ತಂಡದಲ್ಲಿ ಆಗ ಫ್ರಾಂಜ್ ಬೆಕೆನ್‌ಬಾವರ್ ಮತ್ತು ಗೋಲ್‌ಕೀಪರ್ ಸೆಪ್ ಮಾಯರ್ ಕೂಡ ಇದ್ದರು. ಮುಂದಿನ ಹತ್ತು ವರ್ಷಗಳ ಯುರೋಪಿನ ಫುಟ್‌ಬಾಲ್ ಚರಿತ್ರೆಯ ದೊಡ್ಡ ಭಾಗ ಈ ಮೂವರ ಸುತ್ತಲೇ ನಡೆಯಿತು.

ಕೋಚ್ ಹಂಗಿಸಿದ ಆ ಮೈಕಟ್ಟೇ ಮುಲ್ಲರ್ ಅವರ ಮೊದಲ ಬಂಡವಾಳ. ದೇಹದ ಭಾರ ನೆಲಕ್ಕೆ ಹತ್ತಿರವಿದ್ದುದರಿಂದ ಅವರು ಒಂದೇ ಹೆಜ್ಜೆಯ ಅಗಲದಲ್ಲಿ ತಿರುಗಬಲ್ಲವರಾಗಿದ್ದರು. ಎತ್ತರದ ಡಿಫೆಂಡರ್ ತಿರುಗಲು ಎರಡು ಮೂರು ಹೆಜ್ಜೆ ತೆಗೆದುಕೊಳ್ಳುವಷ್ಟರಲ್ಲಿ ಇವರ ಹೊಡೆತ ಮುಗಿದಿರುತ್ತಿತ್ತು. ಗೋಲಿಗೆ ಬೆನ್ನು ಮಾಡಿ ನಿಂತಿದ್ದಾಗಲೂ ಗೋಲು ಎಲ್ಲಿದೆಯೆಂದು ಅವರು ತಲೆಯೆತ್ತಿ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಬಿದ್ದಲ್ಲಿಂದ, ಕುಕ್ಕರಗಾಲಲ್ಲಿ ಕೂತಂತಿದ್ದಲ್ಲಿಂದ, ಜಾರುತ್ತಿದ್ದಲ್ಲಿಂದ ಅವರು ಗೋಲು ಹೊಡೆದಿದ್ದಾರೆ. ಆದರೆ ಮೈಕಟ್ಟಿನಿಂದಲೇ ಎಲ್ಲವೂ ಆಗುವುದಿದ್ದರೆ ಗಿಡ್ಡ ಕಾಲಿನ ಆಟಗಾರರೆಲ್ಲ ಮುಲ್ಲರ್ ಆಗಬೇಕಿತ್ತು. ಉಳಿದದ್ದು ತಲೆಯ ಕೆಲಸ. ಚೆಂಡು ಪಕ್ಕದಿಂದ ಬರುವಾಗ ಡಿಫೆಂಡರ್ ಒಂದು ಕ್ಷಣ ಚೆಂಡಿನ ಕಡೆ ನೋಡಲೇಬೇಕು, ಆ ಕ್ಷಣದಲ್ಲಿ ಅವನಿಗೆ ತನ್ನ ಹಿಂದಿರುವ ಆಟಗಾರ ಕಾಣುವುದಿಲ್ಲ. ಮುಲ್ಲರ್ ಜಾಗ ಬದಲಿಸುತ್ತಿದ್ದುದು ಆ ಕ್ಷಣದಲ್ಲೇ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದವರಿಗೆ, ಒಳಗಿನಿಂದ ಏನೋ ‘ಇತ್ತ ಹೋಗು, ಅತ್ತ ಹೋಗು’ ಎನ್ನುತ್ತದೆ ಎಂಬರ್ಥದ ಉತ್ತರ ಕೊಡುತ್ತಿದ್ದರಂತೆ. ಇದನ್ನೇ ಹಿಡಿದುಕೊಂಡು ಕೆಲವರು ನೋಡಿ, ಬರೀ ಹುಟ್ಟುಗುಣ, ವಿದ್ಯೆಯಲ್ಲ ಎನ್ನುತ್ತಾರೆ. ಆದರೆ ತಾನು ಮಾಡುವುದನ್ನು ಮಾತಿನಲ್ಲಿ ಹೇಳಲಾರದವನಿಗೆ ಅದು ತಿಳಿದೇ ಇಲ್ಲ ಎಂದು ತೀರ್ಮಾನಿಸುವುದು ಅವಸರದ ಮಾತು. ಸಾವಿರಾರು ಸಲ ನೋಡಿ, ಓಡಿ, ತಪ್ಪಿ, ಮತ್ತೆ ಓಡಿ ಮೈಗೆ ಇಳಿದ ತಿಳಿವಳಿಕೆ ಮಾತಿಗೆ ಸಿಕ್ಕದಿದ್ದರೂ ತಿಳಿವಳಿಕೆಯೇ.

ಒಂದು ಗೋಲನ್ನು ಹತ್ತಿರದಿಂದ ನೋಡೋಣ. 1974ರ ಜುಲೈ 7, ಮ್ಯೂನಿಕ್‌ನ ಒಲಿಂಪಿಕ್ ಕ್ರೀಡಾಂಗಣ, ವಿಶ್ವಕಪ್ ಫೈನಲ್. ಎದುರಿಗಿದ್ದದ್ದು ಯೊಹಾನ್ ಕ್ರೈಫ್ ನಾಯಕತ್ವದ ನೆದರ್‌ಲೆಂಡ್ಸ್. ಆ ಬೇಸಿಗೆಯಲ್ಲಿ ಜಗತ್ತಿನ ಮನಸ್ಸು ಗೆದ್ದಿದ್ದ ತಂಡ. ಜರ್ಮನಿಯ ಒಬ್ಬ ಆಟಗಾರನೂ ಚೆಂಡು ಮುಟ್ಟುವ ಮೊದಲೇ ಡಚ್ಚರಿಗೆ ಪೆನಾಲ್ಟಿ ಸಿಕ್ಕಿತು, ನೀಸ್ಕೆನ್ಸ್ ಗೋಲು ಹೊಡೆದರು. ಪಾಲ್ ಬ್ರೈಟ್ನರ್ ಮತ್ತೊಂದು ಪೆನಾಲ್ಟಿಯಲ್ಲಿ ಸಮ ಮಾಡಿದರು. ಅರ್ಧವೇಳೆಗೆ ಎರಡು ನಿಮಿಷವಿದ್ದಾಗ, 43ನೇ ನಿಮಿಷದಲ್ಲಿ, ರೈನರ್ ಬೊನ್‌ಹೋಫ್ ಬಲಗಡೆಯಿಂದ ಒಳನುಗ್ಗಿ ಚೆಂಡನ್ನು ನೆಲದ ಮೇಲೇ ಒಳಕ್ಕೆ ತಳ್ಳಿದರು. ಮುಲ್ಲರ್ ಗೋಲಿನತ್ತ ಓಡುತ್ತಿದ್ದರು, ಡಚ್ ರಕ್ಷಕರೂ ಅವರೊಂದಿಗೆ ಗೋಲಿನತ್ತಲೇ ಓಡುತ್ತಿದ್ದರು. ಚೆಂಡು ಬಂದದ್ದು ಅವರ ಓಟಕ್ಕಿಂತ ಸ್ವಲ್ಪ ಹಿಂದಕ್ಕೆ. ಕಾಲಿಗೆ ತಗುಲಿ ಅದು ಗೋಲಿನಿಂದ ದೂರಕ್ಕೆ ಉರುಳಿತು. ನೋಡುವವರಿಗೆ ಇದು ಕೈತಪ್ಪಿದ ಅವಕಾಶ. ಆದರೆ ರಕ್ಷಕರ ಓಟ ಇನ್ನೂ ಮುಂದಕ್ಕೇ ಇದ್ದುದರಿಂದ ಚೆಂಡು ಹಿಂದೆ ಬಂದ ಆ ಜಾಗ ಒಂದು ಗಳಿಗೆ ಯಾರದ್ದೂ ಆಗಿರಲಿಲ್ಲ. ಮುಲ್ಲರ್ ಅಲ್ಲೇ ತಡೆದು, ಹಿಂದೆ ಸರಿದು, ಮೈ ತಿರುಗಿಸಿ ಬಲಗಾಲಿನಿಂದ ನೆಲಮಟ್ಟದಲ್ಲಿ ಹೊಡೆದರು. ರೂಡ್ ಕ್ರೋಲ್ ಕಾಲು ಚಾಚಿದರು, ಎಟುಕಲಿಲ್ಲ. ಗೋಲ್‌ಕೀಪರ್ ಯೋಂಗ್‌ಬ್ಲೂಟ್ ನಿಂತಲ್ಲಿಂದ ಕದಲಲೇ ಇಲ್ಲ. ಹೊಡೆತದಲ್ಲಿ ಅಂಥ ವೇಗವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪಂದ್ಯ 2–1ರಲ್ಲೇ ಮುಗಿಯಿತು. ಇದನ್ನು ಅದೃಷ್ಟದ ಪುಟಿತ ಎಂದವರಿದ್ದಾರೆ. ಚೆಂಡು ಹಿಂದಕ್ಕೆ ಬಂದದ್ದು ಅದೃಷ್ಟವೇ ಇರಲಿ. ಹಾಗೆ ಬಂದ ಚೆಂಡಿನ ಮೇಲೆ ಓಡುತ್ತಿರುವ ದೇಹವನ್ನು ನಿಲ್ಲಿಸಿ, ತಿರುಗಿಸಿ, ಕೀಪರ್ ಸಿದ್ಧನಾಗುವ ಮೊದಲೇ ಹೊಡೆಯುವುದು ಅದೃಷ್ಟವಲ್ಲ. ಆ ಮೈದಾನದಲ್ಲಿದ್ದ ಇಪ್ಪತ್ತೆರಡು ಜನರಲ್ಲಿ ಅದನ್ನು ಮಾಡಬಲ್ಲವರು ಒಬ್ಬರೇ ಇದ್ದರು ಎಂದು ನಾನು ನಂಬುತ್ತೇನೆ, ಕ್ರೈಫ್ ಅವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಈಗ ಆಕ್ಷೇಪಗಳಿಗೆ ಬರೋಣ. ಬೆಕೆನ್‌ಬಾವರ್ ಅಂಥವರು ಹಿಂದಿದ್ದರೆ ಯಾರು ಬೇಕಾದರೂ ಗೋಲು ಹೊಡೆಯುತ್ತಿದ್ದರು ಎಂಬುದು ಮೊದಲನೆಯದು, ಅದರಲ್ಲಿ ಸ್ವಲ್ಪ ತೂಕವೂ ಇದೆ. ಒಳ್ಳೆಯ ತಂಡದಲ್ಲಿ ಅವಕಾಶಗಳು ಹೆಚ್ಚು ಬರುತ್ತವೆ. 1971–72ರ ಋತುವಿನಲ್ಲಿ ಬಯರ್ನ್ 34 ಪಂದ್ಯಗಳಲ್ಲಿ 101 ಗೋಲು ಹೊಡೆಯಿತು, ಅವುಗಳಲ್ಲಿ 40 ಮುಲ್ಲರ್ ಅವರವು. ಆ ತಂಡದಲ್ಲಿ ಯಾರಾದರೂ ಹೆಚ್ಚು ಗೋಲು ಹೊಡೆದೇ ಹೊಡೆಯುತ್ತಿದ್ದರು ಎನ್ನಬಹುದು. ಆದರೆ ಬಯರ್ನ್ ಎರಡನೇ ದರ್ಜೆಯಲ್ಲಿದ್ದಾಗ ಬಂದ 33 ಗೋಲುಗಳಿಗೆ ಈ ವಿವರಣೆ ಒಗ್ಗುವುದಿಲ್ಲ. ಆಗ ಬೆಕೆನ್‌ಬಾವರ್ ಕೂಡ ಹತ್ತೊಂಬತ್ತರ ಹುಡುಗ. ದೇಶದ ತಂಡದ ಲೆಕ್ಕಕ್ಕೆ ಅದು ಇನ್ನೂ ಒಗ್ಗುವುದಿಲ್ಲ. 1970ರಲ್ಲಿ ಮೆಕ್ಸಿಕೊದಲ್ಲಿ ಅವರ ಜೊತೆಗಿದ್ದವರು ಉವೆ ಸೀಲರ್ ಮತ್ತು ವೋಲ್ಫ್‌ಗಾಂಗ್ ಒವೆರಾಟ್. 1972ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಆಟ ಕಟ್ಟಿದವರು ಗ್ಯುಂಟರ್ ನೆಟ್ಸರ್. 1974ರಲ್ಲಿ ಮತ್ತೆ ಒವೆರಾಟ್, ಜೊತೆಗೆ ಬೊನ್‌ಹೋಫ್. ಚೆಂಡು ಕೊಡುವವರು ಬದಲಾಗುತ್ತ ಹೋದರು, ಅವರ ಆಟದ ಬಗೆ ಬದಲಾಯಿತು, ಗೋಲು ಹೊಡೆಯುವವರು ಮಾತ್ರ ಬದಲಾಗಲಿಲ್ಲ. 1972ರ ಸೆಮಿಫೈನಲ್‌ನಲ್ಲಿ ಬೆಲ್ಜಿಯಂ ವಿರುದ್ಧದ ಎರಡೂ ಗೋಲು ಅವರವೇ, ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟದ ವಿರುದ್ಧದ ಮೂರರಲ್ಲಿ ಎರಡು ಅವರವು. ದೇಶಕ್ಕಾಗಿ ಹೊಡೆದ 68 ಗೋಲುಗಳ ಅವರ ದಾಖಲೆಯನ್ನು ಮಿರೊಸ್ಲಾವ್ ಕ್ಲೋಸ ಮುರಿದದ್ದು 2014ರಲ್ಲಿ, ತಮ್ಮ 132ನೇ ಪಂದ್ಯದಲ್ಲಿ. ಕ್ಲೋಸ ಅವರನ್ನು ಸಣ್ಣದು ಮಾಡಲು ಇದನ್ನು ಹೇಳುತ್ತಿಲ್ಲ. ಅವರೂ ದೊಡ್ಡ ಆಟಗಾರರೇ, ಒಳ್ಳೆಯ ತಂಡದಲ್ಲೇ ಆಡಿದವರು. ಆದರೂ ಅವರಿಗೆ ಎರಡರಷ್ಟಕ್ಕಿಂತ ಹೆಚ್ಚು ಪಂದ್ಯ ಬೇಕಾದವು.

ಎರಡನೆಯ ಆಕ್ಷೇಪ ಕಾಲದ್ದು: ಆಗಿನ ಫುಟ್‌ಬಾಲ್ ನಿಧಾನ, ರಕ್ಷಣೆ ಸಡಿಲ, ಎಲ್ಲರೂ ಗೋಲು ಹೊಡೆಯುತ್ತಿದ್ದರು. ಇದಕ್ಕೆ ಉತ್ತರ ಅದೇ ಕಾಲದ, ಅದೇ ಲೀಗಿನ ಲೆಕ್ಕದಲ್ಲೇ ಇದೆ. ಮುಲ್ಲರ್ ಅವರ ತಲೆಮಾರಿನಲ್ಲಿ ಬುಂಡೆಸ್‌ಲೀಗಾದ ಇನ್ನೊಬ್ಬ ದೊಡ್ಡ ಗೋಲುಗಾರ ಕ್ಲಾಸ್ ಫಿಶರ್. ಅವರದು 535 ಪಂದ್ಯಗಳಲ್ಲಿ 268 ಗೋಲು. ಯುಪ್ ಹೈಂಕೆಸ್ ಅವರದು 369 ಪಂದ್ಯಗಳಲ್ಲಿ 220, ಅದೂ ಬಯರ್ನ್‌ಗೆ ಸರಿಸಮನಾಗಿ ಲೀಗ್ ಗೆಲ್ಲುತ್ತಿದ್ದ ಬೊರುಸಿಯಾ ಮ್ಯೊನ್ಶೆನ್‌ಗ್ಲಾಡ್‌ಬಾಕ್ ತಂಡದ ಬೆಂಬಲದಲ್ಲಿ ಹೆಚ್ಚಿನವು. ಅದೇ ಮೈದಾನ, ಅದೇ ಡಿಫೆಂಡರ್‌ಗಳು, ಅದೇ ನಿಯಮ. ಫಿಶರ್ ಎರಡು ಪಂದ್ಯಕ್ಕೊಂದು ಗೋಲು ಹೊಡೆದರೆ ಮುಲ್ಲರ್ ಆರು ಪಂದ್ಯಕ್ಕೆ ಐದರ ಲೆಕ್ಕದಲ್ಲಿ ಹೊಡೆದರು. ಕಾಲ ಸಡಿಲವಾಗಿದ್ದರೆ ಎಲ್ಲರಿಗೂ ಸಡಿಲವಾಗಿರಬೇಕಿತ್ತು. ಅಲ್ಲದೆ ಆಗಿನ ರಕ್ಷಣೆ ಸಡಿಲವಾಗಿತ್ತು ಎಂಬುದನ್ನೇ ನಾನು ಒಪ್ಪುವುದಿಲ್ಲ. ಗೋಲುಗಾರನ ಬೆನ್ನಿಗೆ ಒಬ್ಬನನ್ನು ಕಟ್ಟಿಬಿಡುವುದು ಆಗಿನ ರೂಢಿ. ಇಡೀ ಪಂದ್ಯ ಅವನಿಗೆ ಬೇರೆ ಕೆಲಸವಿಲ್ಲ. ಹಿಂದಿನಿಂದ ಕಾಲಿಗೆ ಹೊಡೆದರೂ ರೆಫರಿ ಕಂಡೂ ಕಾಣದಂತೆ ಇರುತ್ತಿದ್ದ ಕಾಲ ಅದು. ವಿಶ್ವಕಪ್‌ನಲ್ಲಿ ಹಳದಿ, ಕೆಂಪು ಕಾರ್ಡುಗಳು ಬಂದದ್ದೇ 1970ರಲ್ಲಿ. ಮುಲ್ಲರ್ ಗೋಲು ಹೊಡೆದದ್ದು ಈ ಒದೆತಗಳ ನಡುವೆ.

ಮೂರನೆಯ ಆಕ್ಷೇಪವೇ ನನಗೆ ಹೆಚ್ಚು ಮುಖ್ಯ, ಏಕೆಂದರೆ ಅದು ಅಂಕಿಅಂಶಗಳನ್ನು ಒಪ್ಪಿಕೊಂಡು ಆಮೇಲೆ ತಲೆಯಾಡಿಸುತ್ತದೆ. ಗೋಲುಗಳೇನೋ ಬಂದವು, ಆದರೆ ಅವು ಚೆಂದದ ಗೋಲುಗಳಲ್ಲ. ಆರು ಗಜದಿಂದ, ಮೊಣಕಾಲಿನಿಂದ, ಹೇಗೋ ತುರುಕಿದವು ಎನ್ನುತ್ತದೆ ಅದು. ಮೂವತ್ತು ಗಜದಿಂದ ಹಾರಿ ಮೂಲೆಗೆ ಬೀಳುವ ಚೆಂಡಿಗೆ ನಾವು ಎದ್ದು ನಿಲ್ಲುತ್ತೇವೆ, ಅದು ಸಹಜ. ಆದರೆ ಅಷ್ಟು ದೂರದಿಂದ ಹೊಡೆಯುವವನಿಗೆ ಜಾಗವಿರುತ್ತದೆ, ಒಂದು ಉಸಿರಿನಷ್ಟು ಹೊತ್ತೂ ಇರುತ್ತದೆ. ಗೋಲಿನ ಎದುರಿನ ಆರು ಗಜದಲ್ಲಿ ಎರಡೂ ಇಲ್ಲ. ಮೈದಾನದ ಅತಿ ಇಕ್ಕಟ್ಟಾದ ಜಾಗ ಅದು. ಎಲ್ಲ ಡಿಫೆಂಡರ್‌ಗಳೂ, ಕೀಪರೂ ಕಾಯುವುದು ಅದನ್ನೇ. ಅಲ್ಲಿ ಸುಲಭವಾಗಿ ಕಾಣುವ ಗೋಲಿನ ಕಷ್ಟವೆಲ್ಲ ಚೆಂಡು ಬರುವ ಮೊದಲೇ ನಡೆದುಹೋಗಿರುತ್ತದೆ. ನಮ್ಮ ಕಣ್ಣು ಚೆಂಡಿನ ಹಿಂದೆ ಹೋಗುವುದರಿಂದ ಅದು ನಮಗೆ ಕಾಣುವುದಿಲ್ಲ, ಅಷ್ಟೇ. ಟೆಲಿವಿಷನ್ ಕ್ಯಾಮರಾ ಈ ಕುರುಡನ್ನು ಇನ್ನಷ್ಟು ಬಲಪಡಿಸಿದೆ. ಅದೂ ಚೆಂಡನ್ನೇ ಹಿಂಬಾಲಿಸುತ್ತದೆ. ಇನ್ನು ಮುಲ್ಲರ್ ಬರೀ ಗೋಲಿನ ಬಾಯಲ್ಲಿ ಕಾದು ಕೂತವರೂ ಅಲ್ಲ. ಬೆಕೆನ್‌ಬಾವರ್ ಹಿಂದಿನಿಂದ ಚೆಂಡು ಹಿಡಿದು ಮುಂದೆ ಬರುವಾಗ ಇವರಿಗೆ ಕೊಟ್ಟು ಓಡುತ್ತಿದ್ದರು, ಇವರು ಬೆನ್ನ ಮೇಲೆ ಡಿಫೆಂಡರನ್ನು ಹೊತ್ತುಕೊಂಡೇ ಒಂದೇ ಮುಟ್ಟಿಗೆ ಚೆಂಡನ್ನು ಅವರ ಓಟದ ದಾರಿಗೆ ಮರಳಿಸುತ್ತಿದ್ದರು. ಬೆಕೆನ್‌ಬಾವರ್ ಅವರ ಮುನ್ನುಗ್ಗುವಿಕೆಗಳನ್ನು ಹೊಗಳಿದವರಲ್ಲಿ ಆ ಮರಳಿ ಬಂದ ಚೆಂಡನ್ನು ನೆನೆದವರು ಕಡಿಮೆ.

1970ರ ವಿಶ್ವಕಪ್ಪನ್ನೇ ತೆಗೆದುಕೊಳ್ಳಿ. ಕೋಚ್ ಹೆಲ್ಮುಟ್ ಶೋನ್ ಎದುರು ಒಂದು ಬಿಕ್ಕಟ್ಟಿತ್ತು: ಸೀಲರ್ ದೇಶದ ಪ್ರೀತಿಯ ಹಿರಿಯ ಗೋಲುಗಾರ, ಮುಲ್ಲರ್ ಹೊಸಬ, ಇಬ್ಬರಿಗೂ ಒಂದೇ ಜಾಗ. ಇಬ್ಬರೂ ಜೊತೆಯಾಗಿ ಆಡಲಾರರು ಎಂದು ಎಷ್ಟೋ ಜನ ಬರೆದರು. ಸೀಲರ್ ಸ್ವಲ್ಪ ಹಿಂದೆ ಸರಿದು ಆಡಿದರು, ಮುಲ್ಲರ್ ಮುಂದೆ ನಿಂತರು. ಮೊರಾಕೊ ವಿರುದ್ಧ ಒಂದು, ಬಲ್ಗೇರಿಯ ವಿರುದ್ಧ ಮೂರು, ಪೆರು ವಿರುದ್ಧ ಮತ್ತೆ ಮೂರು ಗೋಲು ಬಂದವು. ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ 2–0 ಮುಂದಿತ್ತು. ಬೆಕೆನ್‌ಬಾವರ್ ಮತ್ತು ಸೀಲರ್ ಸಮ ಮಾಡಿದರು, ಹೆಚ್ಚುವರಿ ಅವಧಿಯಲ್ಲಿ ಮುಲ್ಲರ್ ಗೆಲುವಿನ ಗೋಲು ಹೊಡೆದರು. ಮೂರು ದಿನದ ನಂತರ ಅಜ್ಟೆಕಾ ಕ್ರೀಡಾಂಗಣದ ಬಿಸಿಲಿನಲ್ಲಿ ಇಟಲಿಯೊಂದಿಗೆ 4–3ರ ಸೆಮಿಫೈನಲ್. ಹೆಚ್ಚುವರಿ ಅವಧಿಯೊಂದರಲ್ಲೇ ಐದು ಗೋಲು ಬಂದ ಪಂದ್ಯ. ಬೆಕೆನ್‌ಬಾವರ್ ಭುಜ ತಪ್ಪಿ ಕೈಯನ್ನು ಎದೆಗೆ ಕಟ್ಟಿಕೊಂಡು ಆಡಿದ ಪಂದ್ಯವೂ ಅದೇ. ಜರ್ಮನಿ ಸೋತಿತು, ಆದರೆ ಹೆಚ್ಚುವರಿ ಅವಧಿಯಲ್ಲಿ ಜರ್ಮನಿ ಹೊಡೆದ ಎರಡೂ ಗೋಲು ಮುಲ್ಲರ್ ಅವರವು. ಎಲ್ಲರ ಕಾಲೂ ಸೋತಿದ್ದ, ಯಾರಿಗೂ ಓಡಲು ತ್ರಾಣವಿಲ್ಲದ ಹೊತ್ತಿನಲ್ಲಿ ಗೋಲು ಬರುವುದು ಓಟದಿಂದಲ್ಲ, ಎಲ್ಲಿ ನಿಲ್ಲಬೇಕೆಂಬ ತಿಳಿವಿನಿಂದ. ಒಟ್ಟು ಹತ್ತು ಗೋಲುಗಳೊಂದಿಗೆ ಅವರು ಆ ವಿಶ್ವಕಪ್‌ನ ಅತಿ ಹೆಚ್ಚು ಗೋಲು ಹೊಡೆದವರಾದರು. ಆ ವರ್ಷವೇ, ಆಗ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ'ಓರ್ ಅವರಿಗೆ ಸಂದಿತು.

ಮುಲ್ಲರ್ ದೇಶಕ್ಕಾಗಿ ಆಡಿದ ಕೊನೆಯ ಪಂದ್ಯ 1974ರ ಆ ಫೈನಲ್. ಆಗ ಅವರಿಗೆ ಇನ್ನೂ 28 ವರ್ಷ. ಕ್ಲಬ್ಬಿನಲ್ಲಿ ಗೆಲುವುಗಳು ಮುಂದುವರಿದವು: 1974, 75, 76ರಲ್ಲಿ ಸತತ ಮೂರು ಯುರೋಪಿಯನ್ ಕಪ್ ಬಯರ್ನ್ ಪಾಲಾದವು. 1979ರ ಫೆಬ್ರವರಿಯಲ್ಲಿ ಕೋಚ್ ಪಾಲ್ ಚೆರ್ನಾಯ್ ಒಂದು ಲೀಗ್ ಪಂದ್ಯದ ನಡುವೆ ಅವರನ್ನು ಹೊರಕ್ಕೆ ಕರೆಸಿಕೊಂಡರು. ಆ ನೋವಿನಲ್ಲೇ ಅವರು ಅಮೆರಿಕಕ್ಕೆ ಹೋಗಿ ಫೋರ್ಟ್ ಲಾಡರ್‌ಡೇಲ್ ತಂಡಕ್ಕೆ ಆಡಿದರು. ಆಟ ನಿಂತ ಮೇಲಿನ ವರ್ಷಗಳು ಕಷ್ಟದವು. ಕುಡಿತ ಹತ್ತಿತು, ಸಂಸಾರ ಕುಸಿಯುವ ಹಂತಕ್ಕೆ ಬಂತು. 1991ರಲ್ಲಿ ಉಲಿ ಹೋನೆಸ್, ಬೆಕೆನ್‌ಬಾವರ್ ಮೊದಲಾದ ಹಳೆಯ ಗೆಳೆಯರು ಅವರನ್ನು ಚಿಕಿತ್ಸೆಗೆ ಸೇರಿಸಿದರು. ಮುಲ್ಲರ್ ಕುಡಿತ ಬಿಟ್ಟರು, ಬಯರ್ನ್ ಅವರಿಗೆ ತರಬೇತಿಯ ಕೆಲಸ ಕೊಟ್ಟಿತು. ಈ ಅಧ್ಯಾಯವನ್ನು ಕೆಲವರು ಪೆನಾಲ್ಟಿ ಆವರಣದ ಹೊರಗೆ ಆತ ಏನೂ ಅಲ್ಲ ಎಂಬುದಕ್ಕೆ ಪುರಾವೆಯಾಗಿ ಬಳಸುತ್ತಾರೆ. ಅದು ನಿರ್ದಯದ ಮಾತು ಮಾತ್ರವಲ್ಲ, ತಪ್ಪು ಮಾತು ಕೂಡ. ಆ ಮೇಲೆ ಅವರು ಸುಮಾರು ಎರಡು ದಶಕ ಹುಡುಗರಿಗೆ, ಬಯರ್ನ್‌ನ ಎರಡನೇ ತಂಡಕ್ಕೆ ಕಲಿಸಿದರು, ಸದ್ದಿಲ್ಲದೆ, ಮುಖ್ಯ ಕೋಚ್ ಆಗುವ ಹಂಬಲವಿಲ್ಲದೆ. ಹುಟ್ಟುಗುಣವನ್ನು ಕಲಿಸಲಾಗದು ಎನ್ನುವವರು ಆ ಎರಡನೇ ತಂಡದ ಮೂಲಕ ಹಾದುಹೋದ ತೋಮಸ್ ಮುಲ್ಲರ್ ಅವರನ್ನು ನೋಡಬೇಕು. ಹೆಸರೊಂದೇ, ಸಂಬಂಧವಿಲ್ಲ. ವೇಗವೂ ಇಲ್ಲ, ಡ್ರಿಬ್ಲಿಂಗ್ ಕೂಡ ಅಷ್ಟಕ್ಕಷ್ಟೇ. ಆದರೆ ಖಾಲಿ ಜಾಗವನ್ನು ಮೊದಲೇ ಕಂಡು ಅಲ್ಲಿಗೆ ತಲುಪುವುದರಲ್ಲಿ ಅವರ ತಲೆಮಾರಿನಲ್ಲಿ ಸಾಟಿಯಿಲ್ಲ. 2010ರ ವಿಶ್ವಕಪ್‌ನಲ್ಲಿ ಗೆರ್ಡ್ ತೊಡುತ್ತಿದ್ದ 13ನೇ ಸಂಖ್ಯೆಯ ಅಂಗಿ ತೊಟ್ಟು ಅವರು ಐದು ಗೋಲು ಹೊಡೆದರು, ಗೋಲ್ಡನ್ ಬೂಟ್ ಪಡೆದರು. ಎಲ್ಲವನ್ನೂ ಗೆರ್ಡ್ ಅವರೇ ಕಲಿಸಿದರು ಎಂದು ನಾನು ಹೇಳುವುದಿಲ್ಲ. ಆದರೆ ಈ ವಿದ್ಯೆಗೆ ಬೆಲೆ ಕೊಡುವ ಕ್ಲಬ್ಬೊಂದರಲ್ಲಿ, ಅದನ್ನು ಬಲ್ಲವರ ಕಣ್ಣೆದುರು ಬೆಳೆದದ್ದು ಅವರಿಗೆ ಒದಗಿಬಂದಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

2015ರಲ್ಲಿ ಮುಲ್ಲರ್ ಅವರಿಗೆ ಅಲ್ಝೈಮರ್ ಕಾಯಿಲೆ ಇದೆಯೆಂದು ಬಯರ್ನ್ ಪ್ರಕಟಿಸಿತು. 2021ರ ಆಗಸ್ಟ್ 15ರಂದು, 75ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಒಂದೇ ಋತುವಿನ 40 ಗೋಲುಗಳ ಅವರ ದಾಖಲೆ, 49 ವರ್ಷ ನಿಂತು, ಮುರಿದಿತ್ತು. ಮುರಿದವರು ಬಯರ್ನ್‌ನವರೇ ಆದ ರಾಬರ್ಟ್ ಲೆವಾಂಡೊವ್‌ಸ್ಕಿ. ಸರಿಗಟ್ಟಿದ ದಿನ ಅಂಗಿಯೆತ್ತಿ ಒಳಗೆ ತೊಟ್ಟಿದ್ದ ಗೆರ್ಡ್ ಅವರ ಚಿತ್ರ ತೋರಿಸಿದ್ದರು. ದಾಖಲೆ ಮುರಿದ 41ನೇ ಗೋಲು ಬಂದದ್ದು ಋತುವಿನ ಕೊನೆಯ ಪಂದ್ಯದ 90ನೇ ನಿಮಿಷದಲ್ಲಿ, ಔಗ್ಸ್‌ಬರ್ಗ್ ವಿರುದ್ಧ. ಲೆರಾಯ್ ಸಾನೆ ಹೊಡೆದರು, ಕೀಪರ್ ತಡೆದರು, ಚೆಂಡು ಕೈಯಿಂದ ಚಿಮ್ಮಿತು, ಉಳಿದವರು ತಡೆದ ಕೀಪರನ್ನು ನೋಡುತ್ತಿದ್ದಾಗ ಲೆವಾಂಡೊವ್‌ಸ್ಕಿ ಚೆಂಡಿನ ಬಳಿ ಇದ್ದರು. ‘ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿದ್ದ’ ಎಂದು ಹೇಳಿಬಿಡಬಹುದಾದ ಗೋಲು ಅದು. ಹಿಂದಿನ ನಲವತ್ತನ್ನೂ ಹೊಡೆದವರಿಗೇ ಅದೂ ಸಿಕ್ಕಿತು. ಒಟ್ಟು ಲೆಕ್ಕದ 365 ಮಾತ್ರ ಅವರಿಗೂ ಎಟುಕಲಿಲ್ಲ. 2022ರಲ್ಲಿ ಲೆವಾಂಡೊವ್‌ಸ್ಕಿ ಬುಂಡೆಸ್‌ಲೀಗಾ ಬಿಟ್ಟು ಬಾರ್ಸಿಲೋನಾಕ್ಕೆ ಹೊರಟಾಗ ಅವರ ಹೆಸರಿನ ಮುಂದೆ ಇದ್ದದ್ದು 312.